ಮಗ್ಗ ನಿಂತರೆ ಬೀದಿಗೆ ಗೊತ್ತಾಗುತ್ತದೆ

ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವುದು ಉಳಿಯುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳನ್ನು ನೋಡಿದವರಿಗೆ ಇದು ಗೊತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು. ಮುಂದಿನ ಅರ್ಧದಲ್ಲಿ ಸಂಸಾರ, ಹಿಂದಿನ ಅರ್ಧದಲ್ಲಿ ಮಗ್ಗ. ಬೆಳಗ್ಗೆ ಮೋಟರಿನ ಸ್ವಿಚ್ಚು ಹಾಕಿದರೆ ಊಟದ ಹೊತ್ತಿನವರೆಗೂ ಲಟಪಟ ಲಟಪಟ. ಎಲ್ಲ ಮನೆಯ ಮಗ್ಗವೂ ಒಟ್ಟಿಗೆ ನಿಂತರೆ ಕರೆಂಟು ಹೋಗಿದೆ ಎಂದು ಅರ್ಥ. ಒಂದೇ ಮನೆಯದು ನಿಂತರೆ ಆ ಮನೆಗೆ ಯಾರೋ ಬಂದಿದ್ದಾರೆ, ಇಲ್ಲವೇ ಆ ಮನೆಯಿಂದ ಯಾರೋ ಹೋಗಿಬಿಟ್ಟಿದ್ದಾರೆ.

ನಾನು ಮಾಕಳಿದುರ್ಗದ ಕಡೆಯ ಹಳ್ಳಿಯವಳು. ರಾಗಿ ಹೊಲ, ನಾಲ್ಕು ಹಸು, ಸದ್ದಿಲ್ಲದ ಮಧ್ಯಾಹ್ನ, ಇಷ್ಟು ಕಂಡು ಬೆಳೆದವಳಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಈ ಸದ್ದಿಗೆ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ಅತ್ತೆ ನನಗೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಒಂದು ಮರ್ಯಾದೆ. ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಮಗ್ಗ ನಿಲ್ಲಬೇಕು. "ಬಂದೋರ್ ಮುಂದೆ ಮಗ್ಗ ಓಡ್ಸುದ್ರೆ ಎದ್ದೋಗಿ ಅಂದಂಗೆ ಕಣಮ್ಮ" ಎಂದಿದ್ದರು. ಅದನ್ನು ನಾನು ಇಪ್ಪತ್ತು ವರ್ಷ ಚಾಚೂ ತಪ್ಪದೆ ನಡೆಸಿಕೊಂಡು ಬಂದೆ. ಅದರಿಂದಲೇ ಕೆಟ್ಟೆವು ಎಂದು ಈಗ ಅನ್ನಿಸುತ್ತದೆ, ಅತ್ತೆಯ ಮುಂದೆ ಹೇಳುವುದಿಲ್ಲ.

ಸಾಲ ಮಾಡಿದ್ದು ಎರಡನೆಯ ಮಗ್ಗಕ್ಕೆ ಹೊಸ ಜಕಾರ್ಡ್ ಕೂರಿಸಲು. ಸೀರೆಯ ಸೆರಗಿನಲ್ಲಿ ದೊಡ್ಡ ದೊಡ್ಡ ಹೂವು, ನವಿಲು ಬರಬೇಕಾದರೆ ಅದು ಬೇಕು. ಬ್ಯಾಂಕಿನವರು ಆ ಕಾಗದ ತನ್ನಿ, ಈ ಕಾಗದ ತನ್ನಿ ಎಂದು ಓಡಾಡಿಸಿದರು. ಖಾಸಗಿ ಫೈನಾನ್ಸಿನವನು ಮನೆಗೇ ಬಂದು, ನಮ್ಮದೇ ಮಂಚದ ಮೇಲೆ ಕೂತು, ಮೂರು ದಿನದಲ್ಲಿ ದುಡ್ಡು ಕೊಟ್ಟ. ಎಲ್ಲೆಲ್ಲಿ ಸಹಿ ಹಾಕು ಅಂದನೋ ಅಲ್ಲೆಲ್ಲ ಇವರು, ಅಂದರೆ ನಮ್ಮ ಯಜಮಾನರು, ಸಹಿ ಹಾಕಿದರು. ಓದಲಿಲ್ಲ. ನಾನು ಪಿಯುಸಿ ಓದಿದವಳು, ನಾನೂ ಓದಲಿಲ್ಲ. ಮನೆಗೆ ಬಂದವನ ಮುಂದೆ ಕಾಗದವನ್ನು ತಿರುವಿ ತಿರುವಿ ನೋಡಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದಲ್ಲ ಎಂದು ನಾಚಿಕೆ.

ಮೊದಮೊದಲು ಕಂತು ತಪ್ಪಲಿಲ್ಲ. ಆಮೇಲೆ ರೇಷ್ಮೆ ನೂಲಿನ ಬೆಲೆ ಏರಿತು, ಹೊರಗಿನಿಂದ ಅಗ್ಗದ ಸೀರೆ ಬಂದು ಬಿತ್ತು, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರು "ಸ್ವಲ್ಪ ದಿನ ತಡೀರಿ" ಅನ್ನತೊಡಗಿದರು. ಹೊಸ ಜಕಾರ್ಡಿನ ಮಗ್ಗ ಹಳೆ ಸೀರೆ ಹೊದ್ದುಕೊಂಡು ನಿಂತಿತು. ಇನ್ನೊಂದರಲ್ಲಿ ನೇಯ್ದದ್ದು ಊಟಕ್ಕೆ ಸರಿಹೋಗುತ್ತಿತ್ತು. ಕಂತು ನಿಂತಿತು.

ವಸೂಲಿಗೆ ಬಂದವನಿಗೆ ಮೂವತ್ತರ ಆಸುಪಾಸು. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ಕುಂಕುಮ. ಹೊಸಿಲ ಆಚೆ ನಿಂತು "ಅಕ್ಕಾ, ಅಣ್ಣ ಅವ್ರಾ?" ಎಂದು ಕೇಳಿದ. ಎದುರು ಮನೆಯವಳು ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ನೋಡಿದಳು. "ಒಳಗೆ ಬನ್ನಿ, ಒಳಗೆ ಬನ್ನಿ" ಎಂದು ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಒಳಗೆ ಹಾಕಿ ಬಾಗಿಲಿನ ಪರದೆ ಎಳೆದೆ. ಇವರು ಮಗ್ಗ ನಿಲ್ಲಿಸಿ ಬಂದರು. ಅತ್ತೆ ಕಾಫಿಗಿಟ್ಟರು. ಇನ್ನೇನು ಬೇಕು? ವಸೂಲಿಗೆ ಬಂದವನು ಐದು ನಿಮಿಷದಲ್ಲಿ ನೆಂಟನಾದ.

ನೆಂಟ ಅಂದಮೇಲೆ ಎದ್ದು ಹೋಗು ಅನ್ನುವುದಕ್ಕಾಗುತ್ತದೆಯೇ? ಕೈಯಿರುವ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ನಮ್ಮ ಮನೆಯಲ್ಲಿ ಇದ್ದದ್ದು. ಅದರಲ್ಲಿ ಕೂರುತ್ತಿದ್ದ, ಮಗ್ಗದ ಕೋಣೆಗೆ ಎದುರಾಗಿ. ಒಂದು ಗಂಟೆ, ಎರಡು ಗಂಟೆ. ಫೋನು ನೋಡುತ್ತಿದ್ದ. "ಏನ್ ಮಾಡಣ ಅಣ್ಣ, ನಮ್ಗೂ ಮೇಲಿನೋರು ಬೈತಾರೆ" ಅನ್ನುತ್ತಿದ್ದ. ಅಷ್ಟು ಹೊತ್ತೂ ಮಗ್ಗ ನಿಂತಿರುತ್ತಿತ್ತು. ಕಂತು ಕಟ್ಟಲು ನೇಯಬೇಕು, ಕಂತು ಕೇಳುವವನು ಕೂತಿರುವವರೆಗೂ ನೇಯುವ ಹಾಗಿಲ್ಲ. ಈ ಮಂಕುತನ ನಮಗೆ ಆಗ ತಿಳಿಯಲೇ ಇಲ್ಲ. ಅವನಿಗೆ ತಿಳಿದಿತ್ತೋ ಏನೋ, ಎರಡನೆಯ ಲೋಟ ಕಾಫಿಗೆ "ಸಕ್ಕರೆ ಒಸಿ ಕಮ್ಮಿ ಹಾಕಜ್ಜಿ" ಅನ್ನುವಷ್ಟು ಸಲಿಗೆ ಬಂದಿತ್ತು.

ತಿಂಗಳು ಕಳೆದಂತೆ 'ಅಣ್ಣ' ಹೋಗಿ 'ಏನ್ರೀ' ಬಂತು. ಬೆಳಗ್ಗೆ ಆರೂವರೆಗೆ, ನಾನು ಇನ್ನೂ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ, ಬಂದು ನಿಲ್ಲತೊಡಗಿದ. ನನ್ನ ತಮ್ಮನಿಗೆ ಫೋನು ಮಾಡಿದ. ಜಡಿಗೇನಹಳ್ಳಿಯಲ್ಲಿರುವ ನಾದಿನಿಗೆ ಮಾಡಿ, ನಿಮ್ಮಣ್ಣನ ಮನೆಯವರು ದುಡ್ಡು ತಿಂದು ಕೂತಿದ್ದಾರೆ ಎಂದ. ನಾದಿನಿ ಅಳುತ್ತಾ ಅತ್ತೆಗೆ ಫೋನು ಮಾಡಿದಳು. ಅತ್ತೆ ಅವತ್ತು ಊಟ ಬಿಟ್ಟರು. ಮಾರನೆಯ ದಿನ ಅವನು ಬಂದಾಗ ಮಾತ್ರ ಅವನಿಗೆ ಕಾಫಿ ಕೊಡುವುದನ್ನು ಬಿಡಲಿಲ್ಲ! ಅದನ್ನು ನೋಡಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಒಂದು ಲೋಟ ನೆಗ್ಗಿತು.

ಆಮೇಲೊಂದು ದಿನ ಅವನು ನಮ್ಮ ಕುರ್ಚಿಯಲ್ಲಿ ಕೂತುಕೊಂಡು, ನಮ್ಮ ಕಾಫಿ ಕುಡಿಯುತ್ತಾ, ಇವರ ಮುಖ ನೋಡಿ ಹೇಳಿದ, "ತಗೊಂಡಿದ್ನ ಕೊಡಕ್ಕಾಗ್ದೋರು ಯಾಕಣ್ಣ ಬದುಕಿರ್ಬೇಕು?" ಜೋರಾಗಿ ಕೂಡ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದ.

ಇವರದು ಮೊದಲೇ ಮಾತು ಕಡಿಮೆ. ಆ ದಿನದಿಂದ ಇದ್ದ ಮಾತೂ ಹೋಯಿತು. ತಟ್ಟೆಯಲ್ಲಿ ಮುದ್ದೆ ಹಾಗೇ ಇರುತ್ತಿತ್ತು. ಮಧ್ಯಾಹ್ನ ಮಗ್ಗದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಹಾಕುತ್ತಿದ್ದರು. ಚಿಲಕ ಹಾಕುವುದು ಮೊದಲಿನಿಂದಲೂ ರೂಢಿಯೇ. ಇಲ್ಲದಿದ್ದರೆ ಬೆಕ್ಕು ನುಗ್ಗಿ ನೂಲಿಗೆ ಬಾಯಿ ಹಾಕುತ್ತದೆ. ಆದರೆ ಈಗ ಚಿಲಕ ಬಿದ್ದ ಮೇಲೂ ಮಗ್ಗದ ಸದ್ದು ಬರುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕಿವಿ ನೆಟ್ಟು ನಿಲ್ಲುತ್ತಿದ್ದೆ. ಹತ್ತು ನಿಮಿಷ ತಡೆದು, ಏನಾದರೂ ನೆಪ ಮಾಡಿ ಬಾಗಿಲು ಬಡಿಯುತ್ತಿದ್ದೆ, "ರೀ, ಸೋಪು ಎಲ್ಲಿಟ್ರಿ?" "ರೀ, ಚೂರು ಕೊಬ್ಬರಿ ತುರ್ಕೊಡ್ತೀರಾ?" ಅವರು ಬಂದು ಬಾಗಿಲು ತೆಗೆಯುವವರೆಗೆ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಒಂದು ದಿನ ಇವರು ಸಾಹುಕಾರರ ಮನೆಗೆ ಹೋಗಿದ್ದಾಗ ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಚಿಲಕವನ್ನು ಬಿಚ್ಚಿದೆ. ಯಾಕೆ ಎಂದು ಬರೆಯಲು ಈಗಲೂ ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ. ನನ್ನ ಗಂಡ ಒಳಗಿನಿಂದ ಬಾಗಿಲು ಹಾಕಿಕೊಂಡು ಮತ್ತೆ ತೆಗೆಯದೆ ಹೋದರೆ ಎನ್ನುವ ಹೆದರಿಕೆ. ಚಿಲಕವನ್ನು ಹಳೇ ಬಟ್ಟೆಯಲ್ಲಿ ಸುತ್ತಿ ರಾಗಿ ಡಬ್ಬದ ತಳದಲ್ಲಿ ಹುಗಿದಿಟ್ಟೆ. ಕೇಳಿದರೆ ಮುರಿದುಹೋಯಿತು, ಹಳೇ ಕಬ್ಬಿಣದವನಿಗೆ ಹಾಕಿಬಿಟ್ಟೆ ಅನ್ನೋಣ ಅಂದುಕೊಂಡಿದ್ದೆ. ಹಾಗೇ ಅಂದೆ. ಇವರು ಬಾಗಿಲಲ್ಲಿ ಉಳಿದಿದ್ದ ನಾಲ್ಕು ತೂತುಗಳನ್ನು ಒಂದು ಸಲ ಬೆರಳಿನಿಂದ ಸವರಿದರು. ಒಳಗೆ ಯಾರೂ ಇಲ್ಲದಾಗ ಬೆಕ್ಕು ಬರದಿರಲಿ ಎಂದು ಬಾಗಿಲಿಗೆ ಹೊರಗಿನಿಂದ ಒಂದು ಕಲ್ಲು ಒರಗಿಸಿಟ್ಟೆ.

ಇಷ್ಟಾದರೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಆಕಸ್ಮಿಕ. ಅತ್ತೆಯ ಪಿಂಚಣಿಯ ಕಾಗದಕ್ಕೆ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಗುಮಾಸ್ತ ಊಟಕ್ಕೆ ಹೋಗಿದ್ದ. ಬಿಸಿಲಲ್ಲಿ ಕಾಯುವುದು ಯಾಕೆ ಎಂದು ಪಕ್ಕದ ಕೋರ್ಟಿನ ಆವರಣದಲ್ಲಿ ನೆರಳಿಗೆ ಹೋದೆ. ಅಲ್ಲಿ ಉಚಿತ ಕಾನೂನು ನೆರವು ಎಂದು ಬೋರ್ಡಿದ್ದ ಕೋಣೆ. ಒಳಗೆ ಕಪ್ಪು ಕೋಟನ್ನು ಕುರ್ಚಿಗೆ ಹಾಕಿ ಒಬ್ಬ ಲಾಯರಮ್ಮ ಮೊಸರನ್ನ ತಿನ್ನುತ್ತಿದ್ದರು. ನಾನು ಕೇಳಿದ್ದು ನೀರು. ಅವರು ಬಾಟಲಿ ಕೊಟ್ಟು "ಏನ್ ಕೇಸು?" ಅಂದರು. ಕೇಸಿಲ್ಲ ಮೇಡಂ ಅಂದವಳು ಅಳುವುದಕ್ಕೆ ಶುರುಮಾಡಿಬಿಟ್ಟೆ. ಛೆ, ಎಷ್ಟು ನಾಚಿಕೆಯಾಯಿತು.

ಅವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ದಿನಕ್ಕೆ ಎಷ್ಟು ಜನರ ಅಳು ನೋಡುತ್ತಿದ್ದರೋ. ಡಬ್ಬಿ ಮುಚ್ಚಿ, ಕೈ ತೊಳೆದು ಬಂದು ಕೇಳಿದರು.

"ಅವ್ನ ಹೆಸ್ರೇನು?"

ನನಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳು ಕಾಫಿ ಕುಡಿದಿದ್ದಾನೆ, ಸಕ್ಕರೆ ಎಷ್ಟು ಬೇಕು ಎಂದು ಗೊತ್ತು, ಹೆಸರು ಗೊತ್ತಿಲ್ಲ!

"ಗುರುತಿನ ಚೀಟಿ ತೋರ್ಸಿದ್ನಾ? ಕಂಪನಿ ಅವ್ನಿಗೆ ಕೊಟ್ಟಿರೋ ಪತ್ರ?"

"ಕೇಳಿಲ್ಲ ಮೇಡಂ."

"ಎಷ್ಟು ಹೊತ್ಗೆ ಬರ್ತಾನೆ?"

"ಆರೂವರೆ."

"ಮನೆ ಒಳಗೆ ಹೇಗೆ ಬಂದ? ನುಗ್ಗಿದ್ನಾ?"

ನಾನು ತಡವರಿಸಿದೆ. "ಇಲ್ಲ. ನಾವೇ... ಬೀದಿಯೋರು ನೋಡ್ತಾರೆ ಅಂತ ನಾವೇ ಒಳಗೆ ಕರೆದ್ವಿ."

ಲಾಯರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎಲ್ರೂ ಇದನ್ನೇ ಮಾಡ್ತೀರಲ್ಲಮ್ಮ. ಅವ್ನು ನಿಮ್ಮ ಹೊಸ್ತಿಲು ದಾಟಬೇಕಾದ್ರೆ ನೀವು ಕರೀಬೇಕು. ಬೆಳಗ್ಗೆ ಎಂಟಕ್ಕೆ ಮುಂಚೆ ಬರಂಗಿಲ್ಲ, ಸಂಜೆ ಏಳರ ಮೇಲೆ ಬರಂಗಿಲ್ಲ. ಚೀಟಿ ತೋರಿಸ್ಬೇಕು, ಪತ್ರ ತೋರಿಸ್ಬೇಕು. ಬೈಯಂಗಿಲ್ಲ, ಹೆದರ್ಸಂಗಿಲ್ಲ. ನೆಂಟ್ರಿಗೆಲ್ಲ ಫೋನ್ ಮಾಡಿ ಮಾನ ಕಳೆಯಂಗಿಲ್ಲ. ಮಗ್ಗ ಎತ್ಕೊಂಡೋಗ್ತೀನಿ ಅಂದ್ರೆ ಅದಕ್ಕೆ ಕಾನೂನಿನ ದಾರಿ ಇದೆ, ಅವ್ನ ಬೈಕಲ್ಲಿ ಹಾಕ್ಕೊಂಡು ಹೋಗಕ್ಕಾಗಲ್ಲ."

"ಹಂಗಾದ್ರೆ ಸಾಲ ಕಟ್ಟೋದು ಬೇಡ್ವಾ ಮೇಡಂ?" ಎಂದು ಕೇಳಿದೆ. ಎಂಥಾ ಆಸೆ ನನ್ನದು.

"ಕಟ್ಬೇಕು. ಸಾಲ ಸಾಲಾನೇ. ಆದ್ರೆ ಸಾಲ ಮಾಡಿರೋದು ದುಡ್ಡು ಮಾತ್ರ. ಮರ್ಯಾದೆನೇನೂ ಅಡ ಇಟ್ಟಿಲ್ವಲ್ಲ." ಆಮೇಲೆ ಒಂದು ಹಾಳೆ ಎಳೆದುಕೊಂಡು, ಅವನು ಬಂದ ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಬರೆದಿಡಿ ಎಂದರು. ಮೊದಲು ಕಂಪನಿಯ ದೂರು ನೋಡಿಕೊಳ್ಳುವವರಿಗೆ ಬರೆಯಬೇಕು, ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಅದರ ಮೇಲಿನವರಿಗೆ, ಬೆದರಿಕೆ ಹಾಕಿದರೆ ಸೀದಾ ಪೊಲೀಸ್ ಠಾಣೆಗೆ. ಬದುಕಿರಬೇಕಾ ಎಂದು ಕೇಳಿದ ಮಾತನ್ನು ಹೇಳಿದಾಗ ಅವರ ಪೆನ್ನು ನಿಂತಿತು. "ಅದನ್ನ ಮೊದಲನೇ ಸಾಲಲ್ಲೇ ಬರೀರಿ" ಎಂದರು. "ನಿಮ್ಮ ಯಜಮಾನ್ರನ್ನ ಒಬ್ರೇ ಬಿಡ್ಬೇಡಿ. ಆಸ್ಪತ್ರೇಲಿ ತೋರ್ಸಿ." ತೋರಿಸುತ್ತೇನೆ ಎಂದು ತಲೆಯಾಡಿಸಿದೆ. ಚಿಲಕ ಬಿಚ್ಚಿದ್ದನ್ನು ಅವರೊಬ್ಬರಿಗೆ ಹೇಳಿದೆ.

ಪಿಂಚಣಿ ಕಾಗದ ಆ ದಿನವೂ ಆಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಇನ್ನು ಮುಂದೆ ಅವನು ಹೊಸಿಲ ಆಚೆ, ಕಾಫಿ ಇಲ್ಲ, ಕುರ್ಚಿ ಇಲ್ಲ. ಅತ್ತೆಗೆ ಕೋಪವೇ ಬಂತು. "ಬಾಗ್ಲಿಗೆ ಬಂದೋರ್ನ ಆಚೆ ನಿಲ್ಸಿ ಮಾತಾಡ್ಸೋ ಮನೆತನ ಅಲ್ಲ ಇದು. ಬೀದಿಯೋರ್ ಏನಂದ್ಕೋತಾರೆ?"

"ಬೀದಿಯೋರಿಗೆ ಗೊತ್ತು ಅತ್ತೆ" ಎಂದೆ. ನಿಜವಾಗಿಯೂ ಗೊತ್ತಿತ್ತು. ಎದುರು ಮನೆಯವಳು ಹಿಂದಿನ ವಾರವೇ ನಲ್ಲಿಯ ಹತ್ತಿರ ಸಣ್ಣ ದನಿಯಲ್ಲಿ ಕೇಳಿದ್ದಳು, "ಫೈನಾನ್ಸಿನೋನು ದಿನಾ ಬರ್ತಾನಾ ಅಕ್ಕ? ನಿಮ್ಮ ಮಗ್ಗ ನಿಲ್ತಿದ್ದಂಗೆ ನಮ್ಗೆ ಗೊತ್ತಾಗ್ತದೆ." ನಾನು ಪರದೆ ಎಳೆದು ಎಳೆದು ಮುಚ್ಚಿದ್ದನ್ನು ನಿಂತ ಮಗ್ಗ ದಿನವೂ ಡಂಗೂರ ಹೊಡೆದಿತ್ತು. ಅತ್ತೆಗೆ ಇದನ್ನು ಹೇಳಿದಾಗ ಅವರು ಗೋಡೆಗೆ ಒರಗಿ ಕೂತರು.

ಮೊದಲ ಸಲ ನಾನು ಸೋತೆ. ಬಚ್ಚಲುಮನೆಯಲ್ಲಿ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವನು ಬಂದ, ನಾನು ಹೊಸಿಲಿಗೆ ಅಡ್ಡ ನಿಂತು "ನಿಮ್ಮ ಚೀಟಿ ತೋರಿಸಿ" ಎಂದೆ. ದನಿ ನನಗೇ ಕೇಳಲಿಲ್ಲ. ಅವನು ನಗುತ್ತಾ "ಅದೇನಕ್ಕ ಹೊಸ್ದಾಗಿ, ಒಳಗೆ ಕೂತು ಮಾತಾಡಣ ಬನ್ನಿ" ಅಂದ. ನನ್ನ ಹಿಂದಿನಿಂದ ಅತ್ತೆ, ಪಾಪ, ಎಪ್ಪತ್ತು ವರ್ಷದ ರೂಢಿ, "ಬಾಪ್ಪ" ಅಂದೇಬಿಟ್ಟರು. ಅವನು ಒಳಗೆ ಬಂದ, ಕೂತ. ಅವತ್ತು ಅವನು ಹೋದ ಮೇಲೆ ನಾನೂ ಅತ್ತೆಯೂ ಆಡಿಕೊಂಡ ಮಾತು ಬರೆಯುವಂಥದ್ದಲ್ಲ. ಅತ್ತೆ ಅತ್ತರು. ನಾನೂ ಅತ್ತೆ. ಇವರು ಕೇಳಿಸಿಕೊಂಡು ಮಗ್ಗದ ಕೋಣೆಗೆ ಹೋಗಿ ಬಾಗಿಲು ಮುಂದೆ ತಳ್ಳಿಕೊಂಡರು. ಚಿಲಕವಿಲ್ಲದ ಬಾಗಿಲು ನಿಧಾನಕ್ಕೆ ಮತ್ತೆ ತೆರೆದುಕೊಂಡಿತು.

ಅದಾಗಿ ನಾಲ್ಕೈದು ದಿನಕ್ಕೆ ಅವನು ಜೊತೆಗೆ ಇನ್ನೊಬ್ಬನನ್ನು ಕರೆದುಕೊಂಡು ಬಂದ. ದಪ್ಪ ಕುತ್ತಿಗೆಯ ಆಳು, ಬಾಯಲ್ಲಿ ಏನೋ ಜಗಿಯುತ್ತಿದ್ದ. ಹೊತ್ತು ಏಳು ಕೂಡ ಆಗಿರಲಿಲ್ಲ. ನಾನು ಹೊಸಿಲ ಮುಂದಿನ ಕಬ್ಬಿಣದ ಗೇಟಿನ ಬೀಗ ತೆಗೆಯದೆ "ಎಂಟಕ್ಕೆ ಮುಂಚೆ ಬರಂಗಿಲ್ಲ" ಎಂದೆ. ಈ ಸಲ ದನಿ ಬಂತು. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ದಪ್ಪನೆಯವನು ನಕ್ಕು, "ಸರಿ ಬಿಡಿ ಮೇಡಂ" ಎಂದು ಎದುರಿಗೆ ಬೈಕಿನ ಮೇಲೆ ಕೂತ. ಒಂದು ಗಂಟೆಗೂ ಹೆಚ್ಚು ಹೊತ್ತು ಹಾಗೇ ಕೂತಿದ್ದರು. ನಾನು ಒಳಗೆ ಚಪಾತಿ ಹಿಟ್ಟು ಕಲೆಸಿದ್ದೇ ಕಲೆಸಿದ್ದು. ಕಾನೂನು ಓದಿಕೊಂಡವಳ ಶೂರತನ ಇಷ್ಟೇ, ಗಡಿಯಾರ ನೋಡುತ್ತಾ ನಡುಗುವುದು.

ಎಂಟಕ್ಕೆ ಸರಿಯಾಗಿ ಗೇಟು ಬಡಿದರು. "ಎಂಟಾಯ್ತು ಅಕ್ಕ."

ಗೇಟು ತೆಗೆದು ಹೊಸಿಲ ಮೇಲೆ ನಿಂತೆ. ಪರದೆಯನ್ನು ಬೇಕೆಂದೇ ಪೂರ್ತಿ ಸರಿಸಿದ್ದೆ. ಚೀಟಿ ಕೇಳಿದೆ. ಹಳಬ ಜೇಬಿನಿಂದ ತೆಗೆದು ತೋರಿಸಿದ; ಅವನ ಹೆಸರು ಅವತ್ತು ಗೊತ್ತಾಯಿತು. ಕಂಪನಿಯ ಪತ್ರ ಕೇಳಿದೆ. ಇರಲಿಲ್ಲ. ಜೊತೆಯವನ ಹತ್ತಿರ ಚೀಟಿಯೂ ಇರಲಿಲ್ಲ. "ಹಂಗಾದ್ರೆ ಪತ್ರ ತಗೊಂಡು ಬನ್ನಿ. ಇಲ್ಲೇ ನಿಂತು ಮಾತಾಡಣ" ಎಂದೆ.

ದಪ್ಪನೆಯವನು ಜಗಿಯುತ್ತಿದ್ದದ್ದನ್ನು ನಮ್ಮ ರಂಗೋಲಿಯ ಪಕ್ಕದಲ್ಲೇ ಉಗಿದ. ಆಮೇಲೆ ನನ್ನ ಜೊತೆ ಅಲ್ಲ, ಬೀದಿಯ ಜೊತೆ ಮಾತಾಡತೊಡಗಿದ. "ನೋಡ್ರಪ್ಪ! ಸಾಲ ತಗೊಂಡೋರು ಕಾನೂನ್ ಮಾತಾಡ್ತಾವ್ರೆ! ಏನ್ ಗುರೂ, ಹೆಂಗಸ್ನ ಮುಂದೆ ಬಿಟ್ಟು ಒಳಗೆ ಕೂತಿದೀಯಾ? ಗಂಡಸಾಗಿದ್ರೆ ಆಚೆ ಬಾರೋ!"

ಆಗ ಎಡಗಡೆಯ ಮನೆಯ ಮಗ್ಗ ನಿಂತಿತು. ಎದುರಿನದು ನಿಂತಿತು. ಅದರ ಪಕ್ಕದ್ದು. ಕರೆಂಟೇನೂ ಹೋಗಿರಲಿಲ್ಲ, ಬೀದಿಗೆ ಬೀದಿಯೇ ಕಿವಿ ಕೊಟ್ಟು ನಿಂತಿತ್ತು. ಕರೆಂಟಿದ್ದೂ ಹಗಲು ಹೊತ್ತಿನಲ್ಲಿ ನಮ್ಮ ಬೀದಿ ಅಷ್ಟು ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಹೊಲದ ಮಧ್ಯಾಹ್ನಗಳ ಹಾಗೆ. ಇಪ್ಪತ್ತು ವರ್ಷ ನಾನು ಹಂಬಲಿಸಿದ್ದ ಆ ಸದ್ದಿಲ್ಲದ ಹೊತ್ತು ಬಂದದ್ದು ಹೀಗೆ.

ನನಗೆ ಬೀದಿ ಬೇಕಿರಲಿಲ್ಲ, ಆ ಇಬ್ಬರೂ ಬೇಕಿರಲಿಲ್ಲ. ನನ್ನ ಜೀವವೆಲ್ಲ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿರುವ ಇವರಿಗೆ ಇದೆಲ್ಲ ಕೇಳಿಸಿದೆ. ಏನು ಮಾಡುತ್ತಿದ್ದಾರೆ? ಒಳಗೆ ಓಡಿ ನೋಡಬೇಕು. ಓಡಿದರೆ ಹೊಸಿಲು ಖಾಲಿ, ಆ ಇಬ್ಬರೂ ಒಳಗೆ ನುಗ್ಗುತ್ತಾರೆ, ಇದೇ ಮಾತನ್ನು ನಮ್ಮ ಯಜಮಾನರ ಮುಖದ ಮುಂದೆ ನಿಂತು ಹೇಳುತ್ತಾರೆ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ದೇವರೇ ದೇವರೇ ಎನ್ನುವುದನ್ನು ಬಿಟ್ಟು ನನಗೆ ಬೇರೆ ಕಾನೂನು ಆ ಹೊತ್ತಿನಲ್ಲಿ ನೆನಪಿರಲಿಲ್ಲ.

ಅಷ್ಟರಲ್ಲಿ ಮೋಟರಿನ ಸ್ವಿಚ್ಚು ಬಿದ್ದ ಸದ್ದು. ಗುಂಯ್ ಎಂದಿತು. ಲಾಳಿ ಒಂದು ಸಲ ಆಚೆ ಹೋಯಿತು, ಈಚೆ ಬಂತು. ಆಮೇಲೆ ಲಟಪಟ ಲಟಪಟ, ಪೂರ್ತಿ ಓಟ.

ಮಗ್ಗ ತಾನಾಗಿ ಹೊರಡುವುದಿಲ್ಲ. ಅದರ ಮುಂದೆ ಒಬ್ಬ ಮನುಷ್ಯ ನಿಂತಿರಬೇಕು, ಅವನ ಕೈ ಮಗ್ಗದ ಹಿಡಿಯ ಮೇಲಿರಬೇಕು, ಕಣ್ಣು ಎಳೆಯ ಮೇಲಿರಬೇಕು. ಇವರು ಇದ್ದಾರೆ. ಇದ್ದಾರೆ! ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಆ ಇಬ್ಬರೂ ಅದನ್ನು ಹೆದರಿಕೆ ಎಂದುಕೊಂಡಿರಬೇಕು.

ದಪ್ಪನೆಯವನು ಏನೇನೋ ಕೂಗುತ್ತಿದ್ದ. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಂದು "ಮಗ್ಗ ನಿಲ್ಸಕ್ಕೇಳಿ!" ಎಂದು ಕಿರುಚಿದ. "ಕೆಲ್ಸದ ಹೊತ್ತು!" ಎಂದು ನಾನೂ ಕಿರುಚಿದೆ. ಹಳಬ ಮಾತ್ರ ಮಗ್ಗದ ಕೋಣೆಯ ಕಡೆಗೇ ನೋಡುತ್ತಿದ್ದ. ಅಷ್ಟು ತಿಂಗಳು ನಮ್ಮ ಮನೆಯಲ್ಲಿ ಕೂತೆದ್ದವನು, ಅವನ ಎದುರಿಗೆ ಒಂದು ದಿನವೂ ಓಡದ ಮಗ್ಗ ಈಗ ಓಡುತ್ತಿದೆ ಅಂದರೆ ಏನೆಂದು ಅವನಿಗೆ ಅರ್ಥವಾಗಿತ್ತು. ಮುಖ ಸಣ್ಣಗಾಗಿತ್ತು.

ಅತ್ತೆ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದುಕೊಂಡು ಬಂದರು. ಅಯ್ಯೋ, ಮುಗೀತು ಅಂದುಕೊಂಡೆ. ಅತ್ತೆ ಆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು, ರಂಗೋಲಿಯ ಪಕ್ಕದ ಉಗುಳನ್ನು ನೋಡಿದರು, ಲೋಟವನ್ನು ನನ್ನ ಕೈಗೆ ಕೊಟ್ಟರು. "ಕುಡಿಯೇ, ಆರೋಯ್ತದೆ."

ನಾನು ಅಲ್ಲೇ, ಹೊಸಿಲ ಮೇಲೆ ನಿಂತು ಕುಡಿದೆ. ಸಕ್ಕರೆ ಕಮ್ಮಿಯಿತ್ತು. ಎದುರು ಮನೆಯ ಮಗ್ಗ ಶುರುವಾಯಿತು, ಆಮೇಲೆ ಪಕ್ಕದ್ದು. ಬೀದಿ ಎಂದಿನ ಹಾಗಾಯಿತು. ಬೈಕು ಹೋದದ್ದು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಗೆದ್ದೆವು ಎಂದು ನಾನು ಹೇಳುವುದಿಲ್ಲ. ದೂರು ಬರೆದೆ, ಮೊದಲನೇ ಸಾಲಿನಲ್ಲಿ ಆ ಮಾತನ್ನೇ ಬರೆದೆ. ಕಂಪನಿಯಿಂದ ಕಾಗದ ಬಂತು, ವಿಷಾದಿಸುತ್ತೇವೆ ಎಂದು. ಈಗ ಬೇರೆಯವನು ಬರುತ್ತಾನೆ. ಫೋನು ಮಾಡಿ ಬರುತ್ತಾನೆ, ಪತ್ರ ತರುತ್ತಾನೆ, ಹೊಸಿಲ ಆಚೆ ನಿಲ್ಲುತ್ತಾನೆ. ಹೊಸ ಜಕಾರ್ಡನ್ನು ಕೊಂಡ ಬೆಲೆಗಿಂತ ಎಷ್ಟೋ ಕಡಿಮೆಗೆ ಮಾರಿದೆವು. ಕಂತನ್ನು ಚಿಕ್ಕದು ಮಾಡಿಸಿಕೊಂಡೆವು, ವರ್ಷಗಳು ಉದ್ದವಾದವು. ಹಕ್ಕು ತಿಳಿದುಕೊಂಡರೆ ಸಾಲ ತೀರುವುದಿಲ್ಲ, ಉಸಿರಾಡುವುದಕ್ಕೆ ಒಂದಿಷ್ಟು ಜಾಗ ಸಿಗುತ್ತದೆ ಅಷ್ಟೆ. ನನಗೆ ಆ ಜಾಗದಲ್ಲಿ ಕಾಲು ಚಾಚಿ ಮಲಗಿಬಿಡೋಣ ಅನ್ನಿಸುವಷ್ಟು ದಣಿವಾಗಿದೆ. ಆಸ್ಪತ್ರೆಗೆ ಇವರನ್ನು ಕರೆದುಕೊಂಡು ಹೋದೆ. ಮೊದಲು ಬರುವುದಿಲ್ಲ ಅಂದರು, ಆಮೇಲೆ ಬಂದರು. ಮಾತ್ರೆ ಕೊಟ್ಟಿದ್ದಾರೆ. ಮುದ್ದೆ ಖಾಲಿಯಾಗುತ್ತದೆ.

ಮೊನ್ನೆ ರಾಗಿ ಬಿಸಿಲಿಗೆ ಹಾಕಲು ಡಬ್ಬ ಎತ್ತಿದಾಗ ಇವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್.

"ಆ ಚಿಲಕ ಕೊಡು."

"ಯಾವ ಚಿಲಕ? ಹಳೇ ಕಬ್ಬಿಣದವ್ನಿಗೆ..."

"ತಳದಲ್ಲಿದೆ, ನಂಗೊತ್ತು ಕಣೆ. ಯಾಕ್ ತೆಗ್ದೆ ಅಂತಾನೂ ಗೊತ್ತು." ನನ್ನ ಮುಖ ನೋಡದೆ ಹೇಳಿದರು. "ಆವಾಗ ನೀನು ತೆಗ್ದಿದ್ದು ಸರಿ. ಈಗ ಕೊಡು. ಬೆಕ್ಕು ಬಂದು ನೂಲೆಲ್ಲ ಹಾಳು ಮಾಡ್ತದೆ."

ರಾಗಿಯೊಳಗೆ ಕೈ ಹಾಕಿ ತೆಗೆದುಕೊಟ್ಟೆ. ತುಕ್ಕು ಹಿಡಿದಿತ್ತು. ಇವರು ಅದಕ್ಕೆ ಮಗ್ಗದ ಎಣ್ಣೆ ಸವರಿ, ಹಳೆಯ ತೂತುಗಳಿಗೇ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದರು. ನಾನು ಹೊರಗಿಟ್ಟಿದ್ದ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಜಾರಿ ಬಿದ್ದ ಸದ್ದಾಯಿತು.

ನಾನು ಮುಚ್ಚಿದ ಬಾಗಿಲ ಮುಂದೆ ಡಬ್ಬ ಹಿಡಿದುಕೊಂಡು ನಿಂತೇ ಇದ್ದೆ. ಸೋಪು ಎಲ್ಲಿ, ಕೊಬ್ಬರಿ ತುರಿದುಕೊಡುತ್ತೀರಾ, ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದೆ. ಒಳಗೆ ಸ್ವಿಚ್ಚು ಬಿತ್ತು. ಮಗ್ಗ ಓಡತೊಡಗಿತು. ಇನ್ನೂ ಒಂದಷ್ಟು ಹೊತ್ತು ಕೇಳಿಸಿಕೊಂಡು ನಿಂತಿದ್ದು, ಆಮೇಲೆ ರಾಗಿ ಹರವಲು ತಾರಸಿಯ ಮೇಲೆ ಹೋದೆ.